ಮುರಿದ ಅಶ್ವತ್ಥ

2024ರ ಜೂನ್ 2, ಭಾನುವಾರ. ಅಂದು ಬೆಂಗಳೂರಿನಲ್ಲಿ ಒಂದೇ ದಿನದಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಮಟ್ಟಿಗೆ 1891ರಿಂದ ನಿಂತಿದ್ದ ದಾಖಲೆ ಮುರಿಯಿತೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ದಾಖಲೆಯೊಡನೆ ಆ ಮಳೆಗಾಳಿ ಹಳೆಯ ಯಲಹಂಕದ ನಮ್ಮ ಬೀದಿಯ ಅಶ್ವತ್ಥವನ್ನೂ ಮುರಿದಿತ್ತು.

ಬಿದ್ದ ಮರದ ಚಿಂತೆ ಒಂದು ದಿನದ್ದು. ಮುರಿದೂ ಬೀಳದೆ ನಿಂತ ಮರದ ಚಿಂತೆಯೇ ದೊಡ್ಡದು. ಬುಡದ ಒಂದು ಮಗ್ಗುಲಲ್ಲಿ ಮಣ್ಣು ಉಬ್ಬಿ ಮರ ವಾಲಿತ್ತು. ಹೆಗ್ಗೊಂಬೆಯೊಂದು ಕವಲಿನಲ್ಲಿ ಸೀಳಿ, ಬಿಲ್ಲಿನಂತೆ ಬಾಗಿ, ಕೆಳಗಿನ ಕೊಂಬೆಯ ಮೇಲೆ ಒರಗಿತ್ತು. ಅದರ ನೇರ ಕೆಳಗೆ ಅಶ್ವತ್ಥಕಟ್ಟೆ; ಕಟ್ಟೆಯ ಮೇಲೆ ಏಳು ನಾಗರಕಲ್ಲುಗಳು, ಮೂಲೆಯಲ್ಲಿ ಮುಖ ಸವೆದ ಒಂದು ವೀರಗಲ್ಲು. ಎಡಕ್ಕೆ ವಿದ್ಯುತ್ ತಂತಿ, ಬಲಕ್ಕೆ ಅಂಗನವಾಡಿಯ ಹೆಂಚಿನ ಮಾಡು.

ಬೆಳಗಾಗುವಷ್ಟರಲ್ಲಿ ಕಟ್ಟೆಯ ಸುತ್ತ ಸಭೆ ಸೇರಿತು. ದಿನವೂ ನಾಗಪ್ಪನಿಗೆ ಹಾಲೆರೆಯುವ ಅಜ್ಜಿ, ‘ಅಶ್ವತ್ಥಕ್ಕೆ ಕೊಡಲಿ ಹಾಕಿದವರ ವಂಶ ಉಳಿದೀತೇನಪ್ಪ?’ ಎಂದು ಕಣ್ಣೊರೆಸಿಕೊಂಡಳು. ತರುಣನೊಬ್ಬ ಯಂತ್ರದ ಗರಗಸವನ್ನೇ ಬಾಡಿಗೆಗೆ ತಂದಿದ್ದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುವ ಉತ್ಸಾಹ ಅವನದು. ಕನ್ನಡ ಮೇಷ್ಟರಾದ ನನ್ನ ಕಣ್ಣು ಆ ವೀರಗಲ್ಲಿನ ಮೇಲೆಯೇ ನೆಟ್ಟಿತ್ತು. ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಅದುವರೆಗೆ ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ. ನಮ್ಮ ಕಲ್ಲು ಅಷ್ಟು ಹಳೆಯದಲ್ಲದಿರಬಹುದು. ಆದರೆ ಒಡೆದ ಮೇಲೆ ಯಾವ ಕಲ್ಲನ್ನೂ ಓದಲಾಗದು.

ನಗರದ ಮರವನ್ನು ಮನಬಂದಂತೆ ಕಡಿಯಲು 1976ರ ವೃಕ್ಷ ಸಂರಕ್ಷಣಾ ಶಾಸನವೂ ಒಪ್ಪುವುದಿಲ್ಲ. ವೃಕ್ಷಾಧಿಕಾರಿಯ ಅನುಮತಿ ಬೇಕು. ತರುಣನನ್ನು ತಡೆದು ಅರ್ಜಿ ಬರೆದುಕೊಟ್ಟೆವು. ಅಂಗನವಾಡಿಯ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಮರದ ಎತ್ತರದ ಎರಡರಷ್ಟು ದೂರಕ್ಕೆ ಸುತ್ತಲೂ ಹಗ್ಗ ಕಟ್ಟಿದೆವು. ಅನುಮತಿ ದೊರೆತ ಮೇಲೆ ಮರ ಕಡಿಯುವವರ ತಂಡ ಬಂತು. ಅದರ ಹಿರಿಯ ನರೆತ ಮೀಸೆಯ, ಮಿತಭಾಷಿಯಾದ ಮನುಷ್ಯ. ಬಂದವನೇ ಕತ್ತಿ ಹಿಡಿಯದೆ ಮರವನ್ನು ನಿಧಾನವಾಗಿ ಮೂರು ಸುತ್ತು ಬಂದ. ಅವನು ಪ್ರದಕ್ಷಿಣೆ ಹಾಕುತ್ತಿರುವನೆಂದು ತಿಳಿದು ಅಜ್ಜಿಯ ಮುಖ ಸ್ವಲ್ಪ ಅರಳಿತು.

‘ಭಾರ ಎಲ್ಲಿ ಕೂತಿದೆ ಅಂತ ನೋಡ್ತಿದ್ದೀನಿ, ಮೇಷ್ಟ್ರೇ’ ಎಂದ. ‘ನೆಟ್ಟಗೆ ನಿಂತ ಮರ ಹೇಳಿದ ಹಾಗೆ ಬೀಳ್ತದೆ. ಬಾಗಿದ ಕೊಂಬೆ ಹಾಗಲ್ಲ, ಒಳಗೇ ಬಲ ಹಿಡಕೊಂಡಿರ್ತದೆ. ನಮ್ಮಣ್ಣ ಇಂಥ ಕೊಂಬೆಗೇ ಅವಸರದಲ್ಲಿ ಗರಗಸ ಇಟ್ಟ. ಅದು ಎದ್ದುಬಂದು ಎದೆಗೆ ಬಡೀತು. ಆಸ್ಪತ್ರೆಗೂ ತಲುಪಲಿಲ್ಲ.’

ಗರಗಸ ತಂದಿದ್ದ ತರುಣ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ, ಅದುವರೆಗೆ ಕಲ್ಲಿನ ಚಿಂತೆ ಮಾಡಿದ್ದೆನೇ ಹೊರತು ಮರವೇರುವವನ ಚಿಂತೆ ನನ್ನ ಮನಸ್ಸಿಗೆ ಬಂದಿರಲಿಲ್ಲ.

ಮೊದಲು ಲೈನ್‌ಮನ್ನರು ವಿದ್ಯುತ್ತನ್ನು ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ ತಂತಿಯನ್ನು ನೆಲಕ್ಕೂ ಜೋಡಿಸಿದರು. ಯಾವುದಾದರೂ ಮನೆಯ ಜನರೇಟರಿನಿಂದ ವಿದ್ಯುತ್ತು ಹಿಂದಕ್ಕೆ ಹರಿದು ಸತ್ತ ತಂತಿಗೆ ಜೀವ ಬರುವ ಸಂಭವವುಂಟಂತೆ. ನಾಗರಕಲ್ಲುಗಳನ್ನು ಕೀಳಲು ಹಿರಿಯ ಒಪ್ಪಲಿಲ್ಲ. ಬೇರುಗಳು ಅವನ್ನು ಅಪ್ಪಿ ಹಿಡಿದಿದ್ದವು. ಅವುಗಳ ಸುತ್ತ ಮರಳಿನ ಚೀಲ ಪೇರಿಸಿ, ಮೇಲೆ ಹಲಗೆ ಹಾಸಿ, ಹಳೆಯ ಲಾರಿಯ ಟಯರುಗಳನ್ನು ಹರಡಿದರು. ಮುರಿದ ಮರಕ್ಕೆ ಮೈಭಾರ ಹಾಕಿ ಹತ್ತಬಾರದೆಂಬುದು ಅವನ ನಿಯಮ. ಆದ್ದರಿಂದ ಕ್ರೇನಿನ ತುದಿಯ ತೊಟ್ಟಿಯಲ್ಲಿ ನಿಂತು, ಸೊಂಟಕ್ಕೆ ಪಟ್ಟಿ ಬಿಗಿದು ಮೇಲೇರಿದ.

ತುದಿಯಿಂದ ಆರಂಭಿಸಿ ಬುಡದ ಕಡೆಗೆ ಬಂದ. ಪ್ರತಿ ತುಂಡಿಗೂ ಮೊದಲು ಹಗ್ಗ. ಆಮೇಲೆ ಕೆಳಗಿನಿಂದ ಒಂದು ಗೀರು, ಬಳಿಕ ಮೇಲಿನಿಂದ ಕೊಯ್ತ. ಕೆಳಗಿನ ಗೀರಿಲ್ಲದಿದ್ದರೆ ಬೀಳುವ ಕೊಂಬೆ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ತುಂಡು ಬೀಳುತ್ತಿರಲಿಲ್ಲ, ಬಾವಿಗಿಳಿಸಿದ ಕೊಡದಂತೆ ಹಗ್ಗದಲ್ಲಿ ಇಳಿಯುತ್ತಿತ್ತು. ಬಾಗಿದ ಹೆಗ್ಗೊಂಬೆಗೆ ಬಂದಾಗ ಬೀದಿಯೆಲ್ಲ ಸ್ತಬ್ಧವಾಯಿತು. ಅದನ್ನು ಎರಡು ಕಡೆ ಬಿಗಿದು, ಅದುಮಿದ ಒಳಮೈಗೆ ತೆಳುವಾಗಿ ಗೀರಿ, ಸೆಳೆತದ ಹೊರಮೈಯನ್ನು ಎಳೆ ಎಳೆಯಾಗಿ ಬಿಡಿಸಿದ. ಕೊಂಬೆ ಒಮ್ಮೆ ನಡುಗಿ, ನಿಟ್ಟುಸಿರಿಟ್ಟಂತೆ ಸಡಿಲಿ, ಹಗ್ಗದ ಮೇಲೆ ಭಾರ ಬಿಟ್ಟಿತು.

ಸಂಜೆಗೆ ಆಳೆತ್ತರದ ಬೊಡ್ಡೆಯಷ್ಟೇ ಉಳಿದಿತ್ತು. ಅದನ್ನೂ ಕಿತ್ತರೆ ಬೇರಿನೊಡನೆ ಕಲ್ಲುಗಳೂ ಏಳುವುವೆಂದು ಹಾಗೆಯೇ ಬಿಟ್ಟರು. ಹಿರಿಯ ಕೆಳಗಿಳಿದು ಉಬ್ಬಿದ ಮಣ್ಣಿನ ಕಡೆ ಬೆರಳು ತೋರಿಸಿದ. ಹಿಂದೆಂದೋ ಚರಂಡಿಗಾಗಿ ಅಗೆದಾಗ ಆ ಮಗ್ಗುಲಿನ ಬೇರುಗಳನ್ನು ಕಡಿದಿದ್ದರು. ಕಡಿದ ತುದಿಗಳು ಕೊಳೆತು ಕಪ್ಪಾಗಿದ್ದವು. ಅಗೆದ ದಿನ ನಾನೂ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗಿದ್ದೆ, ಧೂಳಿಗೆ ಮೂಗು ಮುಚ್ಚಿಕೊಂಡು. ಗಾಳಿ ಕೆಡವಿದ್ದು ನಾವು ಮೊದಲೇ ಅರ್ಧ ಕಡಿದಿಟ್ಟ ಮರವನ್ನು.

ಮರವನ್ನು ನೆಡುವುದಕ್ಕೆ ಉತ್ಸವಗಳಿವೆ, ಭಾಷಣಗಳಿವೆ. ಅದನ್ನು ಇಳಿಸುವ ವಿದ್ಯೆಗೆ ಯಾರೂ ಹಾರ ಹಾಕುವುದಿಲ್ಲ. ಆದರೆ ಅಂದು ಒಂದು ಹೆಂಚೂ ಒಡೆಯಲಿಲ್ಲ, ಒಂದು ಹೆಡೆಯೂ ಮುಕ್ಕಾಗಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಂದವರೆಲ್ಲ ಮನೆಗೆ ಹಿಂತಿರುಗಿದರು. ಹೊರಡುವಾಗ ಅಜ್ಜಿ ಆ ಹಿರಿಯನಿಗೆ ನಾಗಪ್ಪನ ಹಾಲಿನಲ್ಲಿ ಉಳಿದದ್ದನ್ನು ಲೋಟದಲ್ಲಿ ತಂದುಕೊಟ್ಟಳು. ವಂಶದ ಮಾತನ್ನು ಮತ್ತೆ ಎತ್ತಲಿಲ್ಲ.

ಆ ವರ್ಷದ ನಾಗರಪಂಚಮಿಯ ಹೊತ್ತಿಗೆ ಬೊಡ್ಡೆಯ ಮಗ್ಗುಲಲ್ಲಿ ತಾಮ್ರವರ್ಣದ ನಾಲ್ಕಾರು ಎಲೆಗಳು ಚಿಗುರಿದ್ದವು. ಈಗ ಆ ಬೀದಿಯಲ್ಲಿ ಯಾರು ಗುದ್ದಲಿ ಹಿಡಿದು ನಿಂತರೂ ನಾನು ನಡೆಯುವುದನ್ನು ನಿಲ್ಲಿಸಿ, ಎಲ್ಲಿ ಅಗೆಯುತ್ತೀರಪ್ಪಾ ಎಂದು ಕೇಳುತ್ತೇನೆ.