ಹೊಸ ಪ್ಲೇಟು ಬಂದ ವಾರ

1948ರಲ್ಲಿ ಲಂಡನ್ನಿನ ಎಚ್‌ಎಂವಿ ಕಂಪನಿ 'ಮೆಟ್ನರ್ ಸೊಸೈಟಿ' ಎಂಬ ಹೆಸರಿನಲ್ಲಿ ಒಂದು ದಪ್ಪ ಆಲ್ಬಂ ಹೊರತಂದಿತು. ನಿಕೊಲಾಯ್ ಮೆಟ್ನರ್ ರಷ್ಯ ಬಿಟ್ಟುಬಂದು ಲಂಡನ್ನಿನ ಗೋಲ್ಡರ್ಸ್ ಗ್ರೀನಿನಲ್ಲಿ ನೆಲೆಸಿದ್ದ ಪಿಯಾನೊ ವಿದ್ವಾಂಸರು, ರಾಖ್ಮನಿನೊಫ್ ಅವರ ಗೆಳೆಯರು. ಎರಡನೇ ಮಹಾಯುದ್ಧ ಶುರುವಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಅದರ ಬೆನ್ನಿಗೇ ಹೃದಯವೂ ಕೈಕೊಟ್ಟಿತು. ಅವರ ಕೃತಿಗಳನ್ನು ನುಡಿಸುವವರು ಕಡಿಮೆ, ಕೊಂಡು ಕೇಳುವವರು ಇನ್ನೂ ಕಡಿಮೆ. ಯಾವ ಕಂಪನಿಯ ಲೆಕ್ಕದ ಪುಸ್ತಕಕ್ಕೂ ಒಗ್ಗದ ಆ ಸಂಗೀತವನ್ನು ತಟ್ಟೆಗಿಳಿಸಲು ದುಡ್ಡು ಹಾಕಿದವರು ಮೈಸೂರಿನ ಜಯಚಾಮರಾಜ ಒಡೆಯರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ನಮ್ಮಲ್ಲಿ ಈ ಸಂಗತಿಯನ್ನು ಹೇಳುವವರೆಲ್ಲ ರಾಜಾಶ್ರಯದ ಕಥೆಯಾಗಿಯೇ ಹೇಳುತ್ತಾರೆ. ಅರಸರು, ಕಲಾಪೋಷಕರು, ಕೊಡುಗೈ ದೊರೆ, ಇತ್ಯಾದಿ. ನನಗೆ ಹಾಗನ್ನಿಸುವುದಿಲ್ಲ. ಇದು ಮೊದಲಿಗೆ ಪ್ಲೇಟು ಕೊಳ್ಳುವ ಹುಚ್ಚು ಹಿಡಿದ ಒಬ್ಬ ರಸಿಕರ ಕಥೆ. ಯಾವ ಕಂಪನಿ ಈ ತಿಂಗಳು ಏನು ತಂದಿದೆ, ಯಾವುದನ್ನು ತಂದಿಲ್ಲ, ತಂದಿದ್ದರಲ್ಲಿ ಯಾವುದು ಚೆನ್ನಾಗಿದೆ ಎಂದು ಹಗಲಿರುಳು ಚಿಂತಿಸುವವರ ಜಾತಿಯೇ ಬೇರೆ. ಆ ಜಾತಿಗೆ ಬ್ರಿಟನ್ನಿನಲ್ಲಿ ಒಂದು ಸಂಸ್ಥೆಯೂ ಇತ್ತು. ಅದರ ಹೆಸರು ಗ್ರಾಮಫೋನ್ ಸಂಘ. ಅರಸರ ವಿಷಯಕ್ಕೆ ಬರುವ ಮುಂಚೆ ಆ ಸಂಘಗಳ ಪರಿಚಯ ಆಗಬೇಕು.

ಇತಿಹಾಸ ಚಿಕ್ಕದು. ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ 1923ರ ಏಪ್ರಿಲ್‌ನಲ್ಲಿ 'ದಿ ಗ್ರಾಮಫೋನ್' ಪತ್ರಿಕೆ ಶುರು ಮಾಡಿದರು. ಹೊಸ ಪ್ಲೇಟುಗಳ ವಿಮರ್ಶೆಯೇ ಅದರ ಜೀವಾಳ. ಅದರ ಜೊತೆಗೆ ಊರೂರಿನ ಪ್ಲೇಟುಪ್ರಿಯರು ಒಟ್ಟಿಗೆ ಕೂತು ಕೇಳುವ ಸಂಘಗಳೂ ಬೆಳೆದವು. 1936ರಲ್ಲಿ ಅವೆಲ್ಲ ಸೇರಿ ಒಂದು ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಯುದ್ಧದ ಕತ್ತಲೆಯ ವರ್ಷಗಳಲ್ಲಿ ಸಂಘಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಇತಿಹಾಸಕ್ಕೆ ಇಷ್ಟು ಸಾಕು.

ಸಂಘದ ಸಂಜೆ ಎಂದರೆ ಏನು? ಚರ್ಚಿನ ಪಕ್ಕದ ಹಾಲ್, ಇಲ್ಲವೇ ಲೈಬ್ರರಿಯ ಮಹಡಿ. ಮಡಿಸುವ ಕುರ್ಚಿಗಳು. ಮುಂದೆ ಒಂದು ಮೇಜು, ಅದರ ಮೇಲೆ ಗ್ರಾಮಫೋನು. ವೇದಿಕೆ ಖಾಲಿ, ಹಾಡುವವರೂ ಇಲ್ಲ, ನುಡಿಸುವವರೂ ಇಲ್ಲ. ಆದರೂ ಜನ ಕಛೇರಿಗೆ ಬಂದವರ ಹಾಗೆ ಸದ್ದಿಲ್ಲದೆ ಕೂತು ಕೇಳುತ್ತಾರೆ. ಸದಸ್ಯರೊಬ್ಬರು ಆ ದಿನದ ಕಾರ್ಯಕ್ರಮದ ಹೊಣೆ ಹೊತ್ತಿರುತ್ತಾರೆ. ಟೈಪ್ ಮಾಡಿದ ಪಟ್ಟಿ ಕೈಗೆ ಬರುತ್ತದೆ. ನಡುವೆ ಚಹ. ಚಹದ ಹೊತ್ತಿಗೆ ಮಾತ್ರ ಬಾಯಿ ಬಿಚ್ಚಬಹುದು.

ವರ್ಷಕ್ಕೊಮ್ಮೆಯೋ ಎರಡು ಸಲವೋ 'ಸದಸ್ಯರ ಸಂಜೆ' ಇರುತ್ತದೆ. ಆ ದಿನ ಪ್ರತಿಯೊಬ್ಬರೂ ತಾವು ಈಚೆಗೆ ಕೊಂಡ ಒಂದು ಪ್ಲೇಟು ತಂದು ಹಾಕಿ, ಅದನ್ನೇ ಏಕೆ ಕೊಂಡೆವೆಂದು ಹೇಳಬೇಕು. ಗುಮಾಸ್ತ, ಮೇಷ್ಟ್ರು, ನರ್ಸು, ರೈಲ್ವೆ ನೌಕರ, ಯಾರೇ ಆದರೂ ಮೇಜಿನ ಬಳಿ ನಿಂತ ಆ ಐದು ನಿಮಿಷ ವಿಮರ್ಶಕರೇ. ಸಂಬಳದಲ್ಲಿ ಉಳಿಸಿ ತಂದದ್ದು, ಮನೆಯಲ್ಲಿ ಬೈಸಿಕೊಂಡು ತಂದದ್ದು. ಅಂಥ ಪ್ಲೇಟನ್ನು ನಾಲ್ಕು ಜನರ ಎದುರು ಚೆನ್ನಾಗಿಲ್ಲ ಎನ್ನಲು ಧೈರ್ಯ ಬೇಕು. ಪುಕ್ಕಟೆ ಕೇಳಿ ಕೊಡುವ ಅಭಿಪ್ರಾಯಕ್ಕೂ ಕಾಸು ಕೊಟ್ಟು ಕೊಂಡು ಕೊಡುವ ಅಭಿಪ್ರಾಯಕ್ಕೂ ತೂಕದಲ್ಲಿ ವ್ಯತ್ಯಾಸವಿದೆ ಎಂಬುದು ನನ್ನ ನಂಬಿಕೆ. ಇಂದು ಫೋನಿನಲ್ಲಿ ಎಲ್ಲ ಹಾಡೂ ಸಿಗುತ್ತದೆ. ಹಿಡಿಸದಿದ್ದರೆ ಹತ್ತು ಸೆಕೆಂಡಿನಲ್ಲಿ ಮುಂದಿನದಕ್ಕೆ ಹಾರುತ್ತೇವೆ, ಹಿಡಿಸಲಿಲ್ಲವೇಕೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಪ್ಲೇಟಿನ ಗುಣ ಗೊತ್ತಿದ್ದರೆ ಈ ಸಂಜೆಗಳ ಶ್ರಮ ಅರ್ಥವಾಗುತ್ತದೆ. ಆ ಕಾಲದ ತಟ್ಟೆ ಅರಗಿನದು. ಛೋಟಾ ನಾಗಪುರದ ಕಾಡುಗಳಲ್ಲಿ ಮರಕ್ಕೆ ಕೂತ ಹುಳು ಕಟ್ಟಿದ ಅರಗು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಬೀಥೊವನ್ ಆಗುತ್ತಿತ್ತು. ಯುದ್ಧಕಾಲದಲ್ಲಿ ಅರಗಿಗೆ ಬರ ಬಂದಾಗ, ಹಳೆಯ ಪ್ಲೇಟುಗಳನ್ನು ವಾಪಸು ತನ್ನಿ ಎಂದು ಅಲ್ಲಿಯ ಅಂಗಡಿಗಳು ಕೇಳುತ್ತಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಅರ್ಧ ಗಂಟೆ ಮೀರಿದ ಕನ್ಸರ್ಟೊ ಕೇಳಬೇಕಾದರೆ ಎಂಟು ಒಂಬತ್ತು ಸಲ ಎದ್ದು ಮಗ್ಗುಲು ಬದಲಿಸಬೇಕು. ಸ್ವರ ಏರುತ್ತಿದ್ದಾಗಲೇ ಪ್ಲೇಟು ಮುಗಿಯುತ್ತದೆ, ಕರ್ ಕರ್ ಎನ್ನುತ್ತದೆ, ಮುಂದಿನದು ಬರುವ ತನಕ ಏರಿದ ಸ್ವರವನ್ನು ಕೇಳುಗರೇ ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು.

ಇನ್ನು ಮುಳ್ಳಿನ ಜಗಳ. ಉಕ್ಕಿನ ಮುಳ್ಳು ಗಟ್ಟಿ ದನಿ ಕೊಡುತ್ತದೆ, ಆದರೆ ತಟ್ಟೆಯ ಗೀರನ್ನು ಸವೆಸುತ್ತದೆ. ಹಾಗಾಗಿ ಮಡಿವಂತರು ಬಿದಿರಿನ ಮುಳ್ಳು ಬಳಸುತ್ತಿದ್ದರು. ಮೂರು ಮೂಲೆಯ ಸಣ್ಣ ಬಿದಿರ ಕಡ್ಡಿ. ಅದರ ತುದಿಯನ್ನು ಇಕ್ಕಳದಂಥ ಒಂದು ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ತುದಿ ಮೊಂಡಾಗುತ್ತದೆ, ಮತ್ತೆ ಕತ್ತರಿಸಬೇಕು. ಹವೆಯಲ್ಲಿ ತೇವವಿದ್ದರೆ ಬಿದಿರು ಮೆತ್ತಗಾಗಿ ನಡುದಾರಿಯಲ್ಲೇ ಸೋಲುತ್ತದೆ. ಕಳ್ಳಿಯ ಮುಳ್ಳನ್ನೇ ಮರಳುಕಾಗದದಲ್ಲಿ ಮಸೆದು ಚೂಪು ಮಾಡಿ ಬಳಸುವವರೂ ಇದ್ದರು. ಉಕ್ಕಿನವರಿಗೂ ಬಿದಿರಿನವರಿಗೂ ಪತ್ರಿಕೆಯ ಪುಟಗಳಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಸಂಗೀತಕ್ಕಿಂತ ಮುಳ್ಳಿನ ಬಗ್ಗೆಯೇ ಹೆಚ್ಚು ಬರೆದವರೂ ಇರಬೇಕು. ಇಂಥ ಜನ ಎಲ್ಲ ಕಾಲದಲ್ಲೂ ಇರುತ್ತಾರೆ, ನಿಮ್ಮ ಮನೆಯಲ್ಲೂ ಸ್ಪೀಕರ್ ವೈರಿನ ಬಗ್ಗೆ ಉಪನ್ಯಾಸ ಕೊಡುವ ಭಾವಮೈದುನ ಒಬ್ಬನಿರಬಹುದು.

ಲಂಡನ್ನಿನ ಇಎಂಜಿ ಎಂಬ ಅಂಗಡಿ ಈ ಮಡಿವಂತರ ಮಠ. ಕಾಗದದ ಹಿಟ್ಟಿನಿಂದ ಮಾಡಿದ ಭಾರೀ ಹಾರನ್ ಇಟ್ಟು ಕೈಯಲ್ಲೇ ಗ್ರಾಮಫೋನು ಕಟ್ಟಿಕೊಡುತ್ತಿದ್ದರು. ಅದಕ್ಕಿಂತ ಮುಖ್ಯ, ಅವರು ಗಿರಾಕಿಗಳಿಗೆ ಕಳಿಸುತ್ತಿದ್ದ 'ಮಂತ್ಲಿ ಲೆಟರ್'. ಆ ತಿಂಗಳ ಹೊಸ ಪ್ಲೇಟುಗಳಲ್ಲಿ ಯಾವುದು ಕೊಳ್ಳಬಹುದು, ಯಾವುದು ಬೇಡ ಎಂದು ಮುಲಾಜಿಲ್ಲದೆ ಹೇಳುತ್ತಿತ್ತು. ಮಾರುವವನೇ 'ಇದು ಬೇಡ' ಎನ್ನುವ ಅಂಗಡಿ! ಊರಿಂದ ದೂರವಿದ್ದವರು ಆ ಪತ್ರ ನಂಬಿ ಅಂಚೆಯಲ್ಲೇ ಆರ್ಡರ್ ಕಳಿಸುತ್ತಿದ್ದರು.

ಅಭಿಪ್ರಾಯ ಹೇಳುವುದನ್ನೂ ದಾಟಿ ರಸಿಕರು ಮುಂದಕ್ಕೆ ಹೋದರು. 1931ರಲ್ಲಿ ಎಚ್‌ಎಂವಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ತರುಣ ಒಂದು ಉಪಾಯ ಹೂಡಿದ. ಹ್ಯೂಗೊ ವುಲ್ಫ್ ಅವರ ಹಾಡುಗಳು ಮಾರಾಟವಾಗುವ ಸರಕಲ್ಲ. ಆದರೆ 500 ಜನ ಮುಂಗಡ ಹಣ ಕಟ್ಟಿದರೆ ರೆಕಾರ್ಡ್ ಮಾಡಬಹುದಲ್ಲ? ಮಾಡಿದ. ಜಪಾನಿನಿಂದಲೇ ನೂರಕ್ಕೂ ಮಿಕ್ಕಿ ಆರ್ಡರ್ ಬಂತು. ಹಾಗೆ ಹುಟ್ಟಿದವು 'ಸೊಸೈಟಿ' ಆಲ್ಬಂಗಳು. ಆರ್ಟರ್ ಶ್ನಾಬೆಲ್ ನುಡಿಸಿದ ಬೀಥೊವನ್ ಸೊನಾಟಾಗಳೂ ಹೀಗೆಯೇ ಬಂದವು.

ಈಗ ಮೈಸೂರಿಗೆ ಬರೋಣ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರು ಎಳವೆಯಿಂದಲೇ ಪಿಯಾನೊ ಕಲಿತವರು. ವೇದಿಕೆಯ ಮೇಲೆ ನುಡಿಸುವ ಪಿಯಾನೊ ವಾದಕರಾಗಬೇಕೆಂಬ ಆಸೆಯೂ ಇತ್ತು. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಇಪ್ಪತ್ತೊಂದಕ್ಕೆ ಪಟ್ಟ. ಪಿಯಾನೊದ ಕನಸು ಅಲ್ಲಿಗೆ ಮುಗಿಯಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರಾದರೂ ಸಿಂಹಾಸನ ಬಿಟ್ಟು ಕಛೇರಿಗೆ ಹೋಗುವಂತಿರಲಿಲ್ಲ. ಉಳಿದದ್ದು ಪ್ಲೇಟು.

ಮತ್ತೆ ಎಂಥ ಪ್ಲೇಟುಗಳು! 1950ರ ಹೊತ್ತಿಗೆ ಅವರ ಸಂಗ್ರಹ ಸುಮಾರು 20,000 ಎಂದು ಅಂದಾಜು. ತಟ್ಟೆಗೆ ಎಂಟು ನಿಮಿಷವೆಂದು ಹಿಡಿದರೂ ಹಗಲು ರಾತ್ರಿ ಬಿಡದೆ ಹಾಕಿದರೆ ನೂರ ಹತ್ತಕ್ಕೂ ಹೆಚ್ಚು ದಿನ ಬೇಕು. ಮೈಸೂರಿಗೆ ಬಂದು ಅದನ್ನು ಕಂಡ ಲೆಗ್ ಬೆರಗಾಗಿ ಬರೆದಿದ್ದಾರೆ: ಗಂಭೀರ ಸಂಗೀತದ ಯಾವ ರೆಕಾರ್ಡು ಕೇಳಿದರೂ ಇತ್ತು, ಸಾಲು ಸಾಲು ಲೌಡ್‌ಸ್ಪೀಕರುಗಳಿದ್ದವು, ದೊಡ್ಡ ಪಿಯಾನೊಗಳಿದ್ದವು.

ಇಷ್ಟು ಕೇಳಿದವರಿಗೆ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು ಕಾಣುತ್ತದೆ. ಪ್ಲೇಟು ಕೊಳ್ಳುವವರೆಲ್ಲರ ನಿತ್ಯದ ದೂರು ಇದೇ: ಇದನ್ನು ಯಾಕೆ ತರಲಿಲ್ಲ, ಅದನ್ನು ಯಾರೂ ನುಡಿಸಿಲ್ಲವಲ್ಲ. ಬೇರೆಯವರು ಸಂಪಾದಕರಿಗೆ ಪತ್ರ ಬರೆದು ಸುಮ್ಮನಾಗುತ್ತಾರೆ. ಒಡೆಯರು ಖರ್ಚು ಕೊಟ್ಟರು. ಮೆಟ್ನರ್ ಅವರ ಮೂರೂ ಕನ್ಸರ್ಟೊಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲಾಯಿತು. ಹಾಡುಗಳೂ, ಬಿಡಿ ಪಿಯಾನೊ ಕೃತಿಗಳೂ ಸೇರಿ ಮೂರು ಸಂಪುಟ ಹೊರಬಂದವು. ಮೂರನೇ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಒಡೆಯರು ಇಲ್ಲದಿದ್ದರೆ ಆ ಬೆರಳುಗಳು ತಮ್ಮ ಕನ್ಸರ್ಟೊಗಳನ್ನು ಹೇಗೆ ನುಡಿಸುತ್ತಿದ್ದವೆಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಮೆಟ್ನರ್ ಅವರಿಗಷ್ಟೇ ನಿಲ್ಲಲಿಲ್ಲ. ಲೆಗ್ 1945ರಲ್ಲಿ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವಿಗೆ ಒಡೆಯರು ಒಪ್ಪಿದರು ಎಂದು ಲೆಗ್ ಬರೆದಿದ್ದಾರೆ. ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. 1949ರಲ್ಲಿ ಹರ್ಬರ್ಟ್ ಫಾನ್ ಕರಯಾನ್ ಇದೇ ಆರ್ಕೆಸ್ಟ್ರಾದೊಂದಿಗೆ ಬಲಾಕಿರೆವ್ ಅವರ ಮೊದಲ ಸಿಂಫನಿಯನ್ನೂ ರೂಸೆಲ್ ಅವರ ನಾಲ್ಕನೆಯದನ್ನೂ ರೆಕಾರ್ಡ್ ಮಾಡಿದರು. ಅದೂ ಮೈಸೂರಿನ ಹಣವೇ. ಕರಯಾನ್ ಒಂದೇ ಕೃತಿಯನ್ನು ಎರಡು ಮೂರು ಸಲ ಮುದ್ರಿಸುವುದರಲ್ಲಿ ಹೆಸರಾದವರು, ಆದರೆ ಈ ಎರಡಕ್ಕೆ ಮತ್ತೆ ಕೈ ಹಾಕಲಿಲ್ಲ. ಸಂಗ್ರಾಹಕರ ಅಭಿರುಚಿಯ ವೈಶಿಷ್ಟ್ಯ ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ರಿಚರ್ಡ್ ಸ್ಟ್ರೌಸ್ ಸಾಯುವ ಮುಂಚೆ ಬರೆದ 'ಕೊನೆಯ ನಾಲ್ಕು ಹಾಡುಗಳು' ಲೋಕದ ಕಿವಿಗೆ ಮೊದಲು ಬಿದ್ದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. 4,800 ಡಾಲರಿನ ಖಾತರಿ ಕೊಟ್ಟು ಆ ಕಛೇರಿಯನ್ನು ಸಾಧ್ಯವಾಗಿಸಿದ ಒಡೆಯರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಅವರು ಕೇಳಿದ್ದಿಷ್ಟೆ: ಹಾಡುಗಳನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿ. ಕಲಾಪೋಷಕರಾಗಿದ್ದರೆ ಮುಂದಿನ ಸಾಲಿನ ಕುರ್ಚಿ ಕೇಳುತ್ತಿದ್ದರು, ಇವರಿಗೆ ಬೇಕಾದದ್ದು ಪ್ಲೇಟು. ಇದೇ ಅರಸರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳೇ ಹೇರಳ. ಪಶ್ಚಿಮದಲ್ಲಿ ಯಾರೂ ನುಡಿಸದ್ದನ್ನು ಹುಡುಕಿದ ಕಿವಿ, ಇಲ್ಲಿ ಯಾರೂ ಹೆಚ್ಚು ಹಾಡದ ರಾಗವನ್ನು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಕಾಲ ಬೇಗ ಬದಲಾಯಿತು. ಸಂಸ್ಥಾನ ಒಕ್ಕೂಟದಲ್ಲಿ ಸೇರಿತು, ಮಹಾರಾಜರು ರಾಜಪ್ರಮುಖರಾದರು, ಮುಂದೆ ರಾಜ್ಯಪಾಲರು. ಇಂಥ ಖರ್ಚಿನ ದಿನಗಳು ಮುಗಿದವು. ಅತ್ತ 1948ರಲ್ಲೇ ಅಮೆರಿಕದಲ್ಲಿ ಎಲ್‌ಪಿ ಬಂದಿತ್ತು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮೆಟ್ನರ್ ಸೊಸೈಟಿಯ ಭಾರವಾದ ಆಲ್ಬಂಗಳು ಅಂಗಡಿಗೆ ಬಂದದ್ದೇ 78ರ ತಟ್ಟೆಗಳ ಸಂಜೆಗಾಲದಲ್ಲಿ. ವರ್ಷಗಟ್ಟಲೆ ಅವು ಸಂಗ್ರಾಹಕರ ಬಾಯಲ್ಲಷ್ಟೇ ಉಳಿದವು. ಟೆಸ್ಟಮೆಂಟ್ ಎಂಬ ಬ್ರಿಟಿಷ್ ಕಂಪನಿ ಕನ್ಸರ್ಟೊಗಳನ್ನು ಸಿ.ಡಿ.ಗೆ ತಂದ ಮೇಲೆ ಮತ್ತೆ ಜನರ ಕೈಗೆ ಸಿಕ್ಕವು.

ಬ್ರಿಟನ್ನಿನ ಆ ಒಕ್ಕೂಟ ಹೆಸರು ಬದಲಿಸಿಕೊಂಡು ಇಂದಿಗೂ ಇದೆ. ಸದಸ್ಯರಿಗೆ ವಯಸ್ಸಾಗಿದೆ, ಪ್ಲೇಟಿನ ಜಾಗದಲ್ಲಿ ಸಿ.ಡಿ. ಬಂದಿದೆ, ಚಹ ಹಾಗೆಯೇ ಉಳಿದಿದೆ. ಮೈಸೂರಿಗೆ ಪ್ಲೇಟಿನ ನಂಟು ಒಡೆಯರಿಂದ ಶುರುವಾದದ್ದೂ ಅಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ಅರಮನೆಯ ವಿದುಷಿಯಾಗಿ ಕೊನೆಯ ದಿನಗಳನ್ನು ಕಳೆದದ್ದು ಇಲ್ಲಿ, ತೀರಿಕೊಂಡದ್ದೂ ಇಲ್ಲೇ, 1930ರ ಜನವರಿಯಲ್ಲಿ. ಇಷ್ಟೆಲ್ಲ ಇದ್ದೂ, ಒಂದು ಸಂಜೆ ನಾಲ್ಕು ಜನ ಕೂತು ಪ್ಲೇಟು ಕೇಳಿ ಮಾತಾಡುವ ಸಂಘವನ್ನು ನಮ್ಮೂರುಗಳಲ್ಲಿ ಹುಡುಕಿಕೊಂಡು ಹೋಗಬೇಕು. ಅದಕ್ಕೆ ಅರಮನೆಯೂ ಬೇಡ, ಅನುದಾನವೂ ಬೇಡ. ಒಂದು ಕೋಣೆ, ಕೆಲಸ ಮಾಡುವ ಒಂದು ಯಂತ್ರ, ತಿಂಗಳಿಗೊಂದು ಭಾನುವಾರ, ಬರುವವರು ತಲಾ ಒಂದು ಪ್ಲೇಟು ತರಬೇಕೆಂಬ ಕಟ್ಟಳೆ.

ಅಷ್ಟರವರೆಗೆ ಒಂದು ಮನವಿ. ಅಜ್ಜನ ಮನೆಯ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಗುಜರಿಯವರಿಗೆ ಕೆ.ಜಿ. ಲೆಕ್ಕದಲ್ಲಿ ಕೊಡಬೇಡಿ. ಮೊದಲು ನಡುವಿನ ಚೀಟಿ ಓದಿ, ಹೆಸರು ಬರೆದಿಟ್ಟುಕೊಳ್ಳಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಧೂಳಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಪಿರಿಟ್ ಮಾತ್ರ ಹಚ್ಚಬೇಡಿ, ಅರಗು ಅದರಲ್ಲಿ ಕರಗುತ್ತದೆ.