ಗೌರವದ ಟೋಪಿನಾ, ಹಾಕೋ ಟೋಪಿನಾ? ಅಮೆರಿಕದ ಆನರ್ ಸೊಸೈಟಿ ಕಥೆ

ಅಮೆರಿಕಕ್ಕೆ ಡಿಗ್ರಿ ಓದೋಕೆ ಹೋಗಿರೋ ನಮ್ಮವರ ಇನ್‌ಬಾಕ್ಸ್‌ಗೂ ಇಂಥದ್ದೊಂದು ಮೇಲ್ ಬರಬಹುದು: ಅಭಿನಂದನೆಗಳು, ನೀವು ಆನರ್ ಸೊಸೈಟಿಗೆ ಆಯ್ಕೆಯಾಗಿದ್ದೀರಿ, ಶುಲ್ಕ ಇಷ್ಟು ಡಾಲರ್. ಕಟ್ಟೋದಾ, ಬಿಡೋದಾ? ಇದಕ್ಕೆ ಉತ್ತರ ಬೇಕು ಅಂದ್ರೆ ಅಸಲಿ ಸೊಸೈಟಿ ಹೇಗಿರುತ್ತೆ ಅಂತ ಮೊದಲು ತಿಳ್ಕೋಬೇಕು.

ನಾನು ಆರಿಸಿಕೊಂಡಿರೋದು ಮಾರ್ಟರ್ ಬೋರ್ಡ್. ಪದವಿ ಪ್ರದಾನದ ದಿನ ಹಾಕ್ಕೊಳ್ಳೋ ಚೌಕದ ಟೋಪಿ ಇದೆಯಲ್ಲ, ಅದರ ಹೆಸರೇ ಇದು. ಗಾರೆ ಕೆಲಸದವರು ಗಾರೆ ಇಟ್ಕೊಳ್ಳೋ ಹಲಗೆ ಥರ ಕಾಣುತ್ತೆ ಅಂತ ಟೋಪಿಗೆ ಆ ಹೆಸರು ಬಂತು. 1918ರ ಫೆಬ್ರವರಿಯಲ್ಲಿ ಕೆಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರು ಸಿರಕ್ಯೂಸ್‌ನಲ್ಲಿ ಸೇರಿ ಇದನ್ನು ಕಟ್ಟಿದರು. ಆಗಿನ್ನೂ ಅಮೆರಿಕದಾದ್ಯಂತ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕೇ ಸಿಕ್ಕಿರಲಿಲ್ಲ, ಅದು ಬಂದಿದ್ದು 1920ರಲ್ಲಿ. ಗಂಡಸರಿಗೆ ಮಾತ್ರ ಅಂತ ಇದ್ದ ಓಮಿಕ್ರಾನ್ ಡೆಲ್ಟಾ ಕಪ್ಪಾ ಮಾತ್ರ 1914ರಲ್ಲೇ ಶುರುವಾಗಿತ್ತು.

ಮಾರ್ಟರ್ ಬೋರ್ಡ್‌ಗೆ ಬೇಕಾಗಿರೋದು ಮೂರು: ಓದು, ನಾಯಕತ್ವ, ಸೇವೆ. ಬರೀ ಮಾರ್ಕ್ಸ್ ಸಾಲದು. ನಮ್ಮಲ್ಲಿ ರ‍್ಯಾಂಕ್ ಬಂದ್ರೆ ಚಿನ್ನದ ಪದಕ, ಒಂದು ಫೋಟೋ, ಅಲ್ಲಿಗೆ ಮುಗೀತು. ಇಲ್ಲಿ ಗೌರವ ಮೊದಲು, ಕೆಲಸ ಆಮೇಲೆ! ಮೂರನೇ ವರ್ಷದಲ್ಲಿ ಆಯ್ಕೆ ಮಾಡ್ತಾರೆ, ಕೊನೇ ವರ್ಷ ಪೂರ್ತಿ ದುಡಿಸ್ತಾರೆ. ನನ್ನಂಥ ಬಿಕಾಂ ತಲೆಗೆ ಇದು ಮುಂಗಡ ತಗೊಂಡ ಹಾಗೆ ಕಾಣುತ್ತೆ.

ಆಯ್ಕೆ ತಿಳಿಸೋ ರೀತಿಗೆ 'ಟ್ಯಾಪಿಂಗ್' ಅಂತಾರೆ. ಎಷ್ಟೋ ಕ್ಯಾಂಪಸ್‌ಗಳಲ್ಲಿ ಪಾಠ ನಡೀತಿರುವಾಗಲೇ ಸೀನಿಯರ್‌ಗಳು ಗೌನು, ಟೋಪಿ ಹಾಕ್ಕೊಂಡು ಕ್ಲಾಸಿಗೆ ನುಗ್ಗಿ, ಎಲ್ಲರೆದುರು ಹೆಸರು ಕೂಗ್ತಾರೆ. ಯೇಲ್‌ನಲ್ಲಿ 1832ರಲ್ಲಿ ಶುರುವಾದ ಸ್ಕಲ್ ಅಂಡ್ ಬೋನ್ಸ್ ಕೂಡ ಟ್ಯಾಪ್ ಮಾಡುತ್ತೆ, ವರ್ಷಕ್ಕೆ 15 ಜನರನ್ನ. ಆದ್ರೆ ಅದು ಗುಟ್ಟಿನ ಕೂಟ. ಒಳಗೆ ಏನು ಮಾಡ್ತಾರೆ ಅನ್ನೋದು ಹೊರಗಿನವರಿಗೆ ಗೊತ್ತಾಗಬಾರದು.

ನಿಜವಾದ ಪರೀಕ್ಷೆ ಬಂದಿದ್ದು 1972ರಲ್ಲಿ. ಸರ್ಕಾರದ ಹಣ ಪಡೆಯೋ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದ ಮಾಡಬಾರದು ಅನ್ನೋ 'ಟೈಟಲ್ ನೈನ್' ಕಾನೂನು ಬಂತು. ವಿದ್ಯಾರ್ಥಿಗಳ ಸಾಮಾಜಿಕ ಕೂಟಗಳಿಗೆ ಆಮೇಲೆ ವಿನಾಯಿತಿ ಸಿಕ್ತು, ಆನರ್ ಸೊಸೈಟಿಗಳಿಗೆ ಸಿಗಲಿಲ್ಲ. ಬೇರೆ ಬಾಗಿಲು ಮುಚ್ಚಿದ್ದಾಗ ಹೆಣ್ಣುಮಕ್ಕಳು ತಮಗಾಗಿ ಕಟ್ಟಿಕೊಂಡ ಮನೆ ಅದು. ಅದಕ್ಕೂ ಗಂಡುಮಕ್ಕಳನ್ನ ಸೇರಿಸಿ ಅಂದ್ರೆ ಸುಲಭದ ಮಾತಾ? 1975ರಲ್ಲಿ ಸೇರಿಸೋದೇ ಸರಿ ಅಂತ ನಿರ್ಧರಿಸಿದರು. ನನಗೆ ಅದು ಸರಿ ಅನ್ಸುತ್ತೆ, ಆದ್ರೆ ಬೇಡ ಅಂದಿರಬಹುದಾದವರ ಸಂಕಟವೂ ಅರ್ಥವಾಗುತ್ತೆ. ಸ್ಕಲ್ ಅಂಡ್ ಬೋನ್ಸ್‌ನಲ್ಲಿ 1991ರಲ್ಲಿ ವಿದ್ಯಾರ್ಥಿಗಳು ಹುಡುಗಿಯರನ್ನ ಆರಿಸಿದಾಗ ಹಳೇ ಸದಸ್ಯರು ಕಟ್ಟಡದ ಬೀಗವನ್ನೇ ಬದಲಾಯಿಸಿಬಿಟ್ಟರು!

ಈಗ ಆ ಮೇಲ್ ವಿಷಯ. ಫೀಸ್ ಕೇಳಿದ ಮಾತ್ರಕ್ಕೆ ಮೋಸ ಅಲ್ಲ, ಮಾರ್ಟರ್ ಬೋರ್ಡ್‌ನಲ್ಲೂ ಸದಸ್ಯತ್ವ ಶುಲ್ಕ ಇದೆ. ನೋಡಬೇಕಾಗಿರೋದು ನಿಮ್ಮನ್ನ ಆರಿಸಿದ್ದು ಯಾರು, ನಿಮ್ಮ ಕ್ಯಾಂಪಸ್‌ನಲ್ಲೇ ಅವರ ಘಟಕ ಇದೆಯಾ, ಅದಕ್ಕೊಬ್ಬ ಪ್ರೊಫೆಸರ್ ಸಲಹೆಗಾರರಿದ್ದಾರಾ, ಕಳೆದ ವರ್ಷ ಅವರು ಮಾಡಿದ ಕೆಲಸ ಏನು ಅನ್ನೋದು. ಕಾರ್ಡ್ ನಂಬರ್ ಹಾಕೋಕೆ ಮುಂಚೆ ಡೀನ್ ಆಫೀಸಿಗೆ ಒಂದು ಸಾಲು ಬರೆದು ಕೇಳಿ.