ವಸ್ತುಸಂಗ್ರಹಾಲಯ ವಿದ್ಯೆ: ಉನ್ನತ ಶಿಕ್ಷಣದ ಆಯ್ಕೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯು ಪ್ರಾಚೀನ ಜೈನಕೇಂದ್ರವಾಗಿತ್ತೆಂಬುದು ಅಲ್ಲಿಯ ಬಸದಿ ಹಾಗೂ ಶಾಸನಗಳಿಂದ ತಿಳಿದುಬರುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಹಡಗಲಿ ತಾಲ್ಲೂಕಿನ ಹಿರೇಹಡಗಲಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿವೆ. ಕೂಡ್ಲಿಗಿ, ಕೊಟ್ಟೂರುಗಳೂ ಸೇರಿ 2021ರಿಂದ ವಿಜಯನಗರ ಜಿಲ್ಲೆಗೆ ಒಳಪಟ್ಟಿರುವ ಈ ಐದು ತಾಲ್ಲೂಕುಗಳಲ್ಲಿ ಇತಿಹಾಸದ ಸಾಮಗ್ರಿಗೆ ಕೊರತೆಯಿಲ್ಲ. ಕಲ್ಲು ಶತಮಾನಗಳನ್ನು ತಾಳಿಕೊಂಡೀತು. ಅಟ್ಟದ ಮೇಲಿನ ಓಲೆಯಾಗಲಿ ಕಡತವಾಗಲಿ ಬಲ್ಲವರ ಆರೈಕೆಯಿಲ್ಲದೆ ಉಳಿಯಲಾರದು. ಈ ಆರೈಕೆಯನ್ನೇ ವೃತ್ತಿಯಾಗಿ ಸ್ವೀಕರಿಸಬಯಸುವ ವಿದ್ಯಾರ್ಥಿಯು ಶಿಕ್ಷಣದ ದಾರಿಯನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ಈ ಕ್ಷೇತ್ರದ ಕೆಲಸವನ್ನು ಸ್ಥೂಲವಾಗಿ ಮೂರು ಶಾಖೆಗಳಾಗಿ ವಿಂಗಡಿಸಬಹುದು. ವಸ್ತುಗಳ ದಾಖಲಾತಿ, ವರ್ಗೀಕರಣ, ಪ್ರದರ್ಶನಗಳು ವಸ್ತುಸಂಗ್ರಹಾಲಯಶಾಸ್ತ್ರಕ್ಕೆ ಸೇರಿವೆ. ಲಿಪಿಯನ್ನು ಓದಿ, ಪಾಠವನ್ನು ನಿರ್ಣಯಿಸಿ, ಸೂಚಿಯನ್ನು ಸಿದ್ಧಪಡಿಸುವುದು ಹಸ್ತಪ್ರತಿಶಾಸ್ತ್ರದ ಕಾರ್ಯ. ವಸ್ತುವು ಏಕೆ ಕೆಡುತ್ತದೆ, ಕೆಡದಂತೆ ಹೇಗೆ ಕಾಪಾಡಬೇಕು ಎಂಬುದು ಸಂರಕ್ಷಣಶಾಸ್ತ್ರದ ವಿಷಯ. ಮೊದಲೆರಡಕ್ಕೆ ಇತಿಹಾಸ ಮತ್ತು ಭಾಷೆಗಳ ಅಭ್ಯಾಸ ತಳಹದಿಯಾದರೆ, ಮೂರನೆಯದಕ್ಕೆ ರಸಾಯನಶಾಸ್ತ್ರದ ತಿಳಿವಳಿಕೆ ಅವಶ್ಯ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಓಲೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರಗಳಿಗೆ ಕಾಡಿಗೆಯನ್ನು ತುಂಬಿರುತ್ತಾರೆ. ಗರಿಯು ಒಣಗಿದಾಗ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಮಿತವಾಗಿ ಲೇಪಿಸಿದರೆ ಅದು ಮೆದುವಾಗುತ್ತದೆ, ಹುಳುಗಳೂ ದೂರವಿರುತ್ತವೆ. ಅದೇ ಎಣ್ಣೆಯನ್ನು ಕಾಗದದ ಪ್ರತಿಗೆ ಹಚ್ಚಿದರೆ ಕಲೆಗಟ್ಟುತ್ತದೆ. ಕಡತವಾದರೋ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಸಿದ್ಧಪಡಿಸಿದ್ದು. ಅದರ ಮೇಲಣ ಬಳಪದ ಬರಹ ಒದ್ದೆಯ ಕೈ ಸೋಕಿದರೂ ಅಳಿಸಿಹೋಗುತ್ತದೆ. ಹವೆಯೂ ಎಲ್ಲೆಡೆ ಒಂದೇ ಅಲ್ಲ. ಮೂಡುಬಿದಿರೆಯ ಕಡೆಯ ಭಂಡಾರಗಳಿಗೆ ಮಳೆಗಾಲದ ತೇವ ಮತ್ತು ಬೂಷ್ಟಿನ ಭಯ; ಬಯಲುಸೀಮೆಯ ಈ ತಾಲ್ಲೂಕುಗಳಲ್ಲಿ ಬೇಸಿಗೆಯ ಒಣಹವೆಯಿಂದ ಗರಿ ಪೆಡಸಾಗಿ ಮುರಿಯುವ ಭಯ. ಒಂದೆಡೆಯ ಉಪಚಾರವು ಮತ್ತೊಂದೆಡೆ ಅಪಚಾರವಾಗಬಹುದು.

ಆದುದರಿಂದ ಸಂರಕ್ಷಣೆಯತ್ತ ಒಲವುಳ್ಳವರು ಹತ್ತನೆಯ ತರಗತಿಯ ತರುವಾಯ ವಿಜ್ಞಾನವನ್ನೂ, ಪದವಿಯಲ್ಲಿ ರಸಾಯನಶಾಸ್ತ್ರವನ್ನೂ ಆರಿಸಿಕೊಳ್ಳುವುದು ಯುಕ್ತ. ಆ ಹಂತದಲ್ಲಿ ಕೈಬಿಟ್ಟ ವಿಜ್ಞಾನವನ್ನು ಸ್ನಾತಕೋತ್ತರ ಹಂತದಲ್ಲಿ ಮರಳಿ ಹಿಡಿಯುವುದು ಸುಲಭವಲ್ಲ. 1976ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ಸಾಂಸ್ಕೃತಿಕ ಆಸ್ತಿಯ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನ ಪ್ರಯೋಗಾಲಯವು ಈ ಶಾಖೆಯ ಪ್ರಮುಖ ಕೇಂದ್ರ. ಮೈಸೂರಿನಲ್ಲಿ ಅದರ ಪ್ರಾದೇಶಿಕ ಪ್ರಯೋಗಾಲಯವಿದೆ. ವಸ್ತುಸಂಗ್ರಹಾಲಯಶಾಸ್ತ್ರಕ್ಕೆ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದ ಪ್ರತ್ಯೇಕ ವಿಭಾಗವಿದೆ. ಹಸ್ತಪ್ರತಿಶಾಸ್ತ್ರಕ್ಕಾಗಿ ದೂರ ಹೋಗಬೇಕಾಗಿಲ್ಲ. 1991ರಲ್ಲಿ ಸ್ಥಾಪನೆಗೊಂಡ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಮೀಸಲಾದ ವಿಭಾಗವಿದೆ. ಸಮೀಪದ ಕಮಲಾಪುರದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ.

ಸಂಸ್ಥೆಯನ್ನು ಆರಿಸುವಾಗ ಪ್ರಯೋಗಾಲಯವಿದೆಯೇ, ಮೂಲವಸ್ತುಗಳ ಮೇಲೆ ಕೈಕೆಲಸದ ಅಭ್ಯಾಸ ದೊರೆಯುವುದೇ ಎಂಬುದನ್ನು ವಿಚಾರಿಸಬೇಕು. ಈ ಕ್ಷೇತ್ರದಲ್ಲಿ ಹುದ್ದೆಗಳು ಮಿತವಾದುವು. ಪದವಿಯೊಡನೆ ಕೈಚಳಕವೂ ಇದ್ದವರಿಗೆ ಮನ್ನಣೆ ಸಹಜ. ಹೊರನಾಡಿಗೆ ಹೋಗುವವರು ಹಳಗನ್ನಡ ಲಿಪಿಯ ಪರಿಚಯವನ್ನು ಇಲ್ಲಿಯೇ ಮಾಡಿಕೊಂಡು ಹೋಗುವುದು ಲೇಸು. ಓಲೆಯ ರಸಾಯನವನ್ನು ಯಾವ ಊರಿನಲ್ಲಿಯೂ ಕಲಿಯಬಹುದು. ಅದರ ಮೇಲಿನ ಅಕ್ಷರವನ್ನು ಕನ್ನಡ ನಾಡಿನಲ್ಲಿಯೇ ಕಲಿಯಬೇಕು.